ಬೆಟ್ಟ ನೋಡಿಕೊಂಡು ಓಡಿ, ಮನೆಗೆ ಬಂದು ಬರೆಯಿರಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ರಸ್ತೆಯಲ್ಲಿ ಓಡುವಂತಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ತಿರುವುಗಳ ಚಿತ್ರ ನೋಡಿದ ಯಾವ ಓಟಗಾರನಿಗೂ ಅಲ್ಲಿ ಕಾಲಿಡುವ ಆಸೆ ಹುಟ್ಟುತ್ತದೆ. 1454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಬೇಕು. ಅಲ್ಲಿಂದ ಮೇಲಕ್ಕೆ ಕೆಎಸ್ಸಾರ್ಟಿಸಿ ಬಸ್ಸು. ದೇವಸ್ಥಾನದ ಹತ್ತಿರದವರೆಗೂ ಆನೆ ಬರುವ ಜಾಗ ಅದು. ಆ ದಾರಿ ಪ್ರಾಣಿಗಳಿಗೆ ಬಿಟ್ಟದ್ದು, ಬಿಟ್ಟದ್ದೇ ಸರಿ.

ಆದರೆ ಬೆಟ್ಟದ ಕೆಳಗೆ, ಗುಂಡ್ಲುಪೇಟೆಯಿಂದ ಹಂಗಳದ ಕಡೆಗೆ ಹರಡಿರುವ ಬಯಲಿನಲ್ಲಿ, ಊರಿಂದೂರಿಗೆ ಹೋಗುವ ಸಣ್ಣ ರಸ್ತೆಗಳಿವೆ, ಕೆರೆ ಏರಿಗಳಿವೆ, ಹೊಲದ ನಡುವಿನ ಗಾಡಿ ಜಾಡುಗಳಿವೆ. ಓಟವನ್ನೂ ಬರವಣಿಗೆಯನ್ನೂ ಒಟ್ಟಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲಿ ಕಡಿಮೆ. ಎರಡನ್ನೂ ಒಟ್ಟಿಗೆ ಏಕೆ ಕಲಿಯಬೇಕು ಎಂಬುದೇ ಈ ಲೇಖನದ ವಿಷಯ. ಓಡುವವರಿಗೆ ಬರೆಯುವ ಅಭ್ಯಾಸ ಇದ್ದರೆ ಓಟ ಬೇಗ ಕೈಹಿಡಿಯುತ್ತದೆ. ಬರೆಯಬೇಕೆಂದು ಆಸೆಯಿದ್ದೂ ಏನು ಬರೆಯಲಿ ಎಂದು ಕೂತವರಿಗೆ ಓಟ ವಸ್ತುವನ್ನು ಒದಗಿಸುತ್ತದೆ.

ಹಾಡ್ತಾ ಹಾಡ್ತಾ ರಾಗ ಎನ್ನುತ್ತಾರೆ ನಮ್ಮ ಹಿರಿಯರು. ಓಟಕ್ಕೂ ಬರವಣಿಗೆಗೂ ಇದು ಅಕ್ಷರಶಃ ನಿಜ. ಪುಸ್ತಕ ಓದಿ ಉಸಿರು ಹಿಡಿಯುವುದು ಬರುವುದಿಲ್ಲ, ಉಪನ್ಯಾಸ ಕೇಳಿ ವಾಕ್ಯ ಕಟ್ಟುವುದೂ ಬರುವುದಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಮುಂದೆ ಇಟ್ಟದ್ದು ಇದನ್ನೇ: ಆಡುತ್ತಾ, ಕೈಯಾರೆ ಮಾಡುತ್ತಾ ಕಲಿಯುವುದು. ಮೂಡಿಗೆರೆಯ ತೋಟದಲ್ಲಿ ಕೂತು ಮೀನು ಹಿಡಿಯುವುದನ್ನೂ ಹಕ್ಕಿಗಳ ಫೋಟೊ ತೆಗೆಯುವುದನ್ನೂ ಕಂಪ್ಯೂಟರನ್ನೂ ತಾವೇ ಕಲಿತ ಪೂರ್ಣಚಂದ್ರ ತೇಜಸ್ವಿಯವರು ಕಲಿತದ್ದನ್ನೆಲ್ಲ ಬರೆದರು. ಬರೆಯುವಾಗ ಇನ್ನಷ್ಟು ಕಲಿತರು ಎಂದೇ ಅವರ ಪರಿಸರ ಬರಹಗಳನ್ನು ಓದಿದಾಗ ನನಗೆ ಅನಿಸುತ್ತದೆ. ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರ ತಮ್ಮ ಪುಸ್ತಕದಲ್ಲಿ ಇದನ್ನು ನಾಲ್ಕು ಹೆಜ್ಜೆಯಾಗಿ ಬಿಡಿಸಿಟ್ಟರು. ಮಾಡುವುದು, ಮಾಡಿದ್ದನ್ನು ಹಿಂದಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆಗೆ ಬರುವುದು, ಆ ತಿಳಿವಳಿಕೆಯನ್ನು ಮತ್ತೆ ಮಾಡಿ ಪರೀಕ್ಷಿಸುವುದು. ನಮ್ಮಲ್ಲಿ ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತೇವೆ. ವರ್ಷಗಟ್ಟಲೆ ಓಡುತ್ತೇವೆ, ಅದೇ ಮಂಡಿ ನೋವು ಅದೇ ಜಾಗದಲ್ಲಿ ಬರುತ್ತಿರುತ್ತದೆ. ನೋಟ್‌ಬುಕ್ಕು ಬೇಕಾಗುವುದು ಉಳಿದ ಮೂರು ಹೆಜ್ಜೆಗಳಿಗೆ.

ಕಾಲಿಗೆ ಮೊದಲು ಉಸಿರು

ಎಂದೂ ಓಡದವರು ಮೊದಲ ದಿನವೇ ಎರಡು ಕಿಲೋಮೀಟರ್ ಓಡಿ, ಮೂರನೆಯ ದಿನ ಮೆಟ್ಟಿಲು ಇಳಿಯಲಾಗದೆ, ನಾಲ್ಕನೆಯ ದಿನ ಬಿಟ್ಟುಬಿಡುತ್ತಾರೆ. ಇದಕ್ಕೆ ಕಾರಣ ಛಲದ ಕೊರತೆ ಎಂದುಕೊಳ್ಳಬೇಡಿ. ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ. ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳು ಬೇಕು. ಉಸಿರು ಸಲೀಸಾಯಿತು ಎಂದು ದೂರ ಹೆಚ್ಚಿಸಿದಾಗ ಇನ್ನೂ ಸಿದ್ಧವಾಗದ ಮೊಣಕಾಲು, ಹಿಮ್ಮಡಿ ಪೆಟ್ಟು ತಿನ್ನುತ್ತವೆ. ಹೊಸಬರಿಗೆ ನೋವು ಬರುವುದು ಬಹುಪಾಲು ಈ ಅಂತರದಲ್ಲೇ.

ಆದ್ದರಿಂದ ಓಟ ಮತ್ತು ನಡಿಗೆ ಬೆರೆಸಿ ಶುರುಮಾಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೇ ಮುಂದೆ ಸಾಮಾನ್ಯ ಜನಕ್ಕೆ ಓಟ ಕಲಿಸಿದ್ದು ಈ ಬೆರಕೆ ಕ್ರಮದಲ್ಲಿಯೇ. ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಒಟ್ಟು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೈ ಒಗ್ಗಿದಂತೆ ಓಟದ ಪಾಲನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ, ನಡಿಗೆಯ ಪಾಲನ್ನು ಕುಗ್ಗಿಸಿ. ಹೀಗೆ ಹೋದರೆ ಮೂರು ತಿಂಗಳ ಆಸುಪಾಸಿನಲ್ಲಿ ಹೆಚ್ಚಿನವರು ನಿಲ್ಲದೆ ಇಪ್ಪತ್ತು ನಿಮಿಷ ಓಡಬಲ್ಲರು. ಕೆಲವರಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ, ಅದರಿಂದ ನಷ್ಟವೇನಿಲ್ಲ.

ವೇಗ ಎಷ್ಟಿರಬೇಕು? ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು. ಒಂಟಿಯಾಗಿದ್ದರೆ ಎದುರು ಸಿಕ್ಕ ಹಿರಿಯರಿಗೆ ನಮಸ್ಕಾರ ಹೇಳಿ, ಎಲ್ಲಿಗೆ ಹೊರಟಿರಿ ಎಂದು ಕೇಳುವಷ್ಟು ಉಸಿರಿರಬೇಕು. ಇಲ್ಲದಿದ್ದರೆ ನಿಧಾನಿಸಿ. ಕೈಗಡಿಯಾರದ ಯಂತ್ರಗಳಿಗಾಗಿ ಈಗಲೇ ದುಡ್ಡು ಹಾಕಬೇಡಿ. ಮೊಬೈಲಿನಲ್ಲಿ ಸಮಯ ನೋಡಿಕೊಂಡರೆ ಸಾಕು. ದುಡ್ಡು ಹಾಕುವುದಿದ್ದರೆ ಬೂಟಿಗೆ ಹಾಕಿ. ಪಾದ ಸಂಜೆಯ ಹೊತ್ತಿಗೆ ಸ್ವಲ್ಪ ಊದಿಕೊಂಡಿರುತ್ತದೆ, ಆದ್ದರಿಂದ ಬೂಟನ್ನು ಸಂಜೆ ಕೊಳ್ಳಿ. ಬೆರಳ ತುದಿಗೂ ಬೂಟಿನ ತುದಿಗೂ ನಡುವೆ ಹೆಬ್ಬೆರಳಿನ ಅಗಲ ಜಾಗ ಇರಲಿ.

ಓಡಿದ ಮರುದಿನ ಎರಡೂ ತೊಡೆ, ಎರಡೂ ಮೀನಖಂಡ ಹಿಡಿದುಕೊಂಡಂತೆ ಆಗಿ ಎರಡು ಮೂರು ದಿನದಲ್ಲಿ ಇಳಿದರೆ ಅದು ಹೊಸ ಕೆಲಸದ ಮೈಕೈ ನೋವು, ಹೆದರಬೇಕಿಲ್ಲ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ, ಓಡುತ್ತಾ ಹೋದಂತೆ ಹೆಚ್ಚುವ ನೋವಿದ್ದರೆ ಅಲ್ಲೇ ನಿಲ್ಲಿಸಿ. ಎದೆ ಬಿಗಿತ, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಶುರುಮಾಡುವ ಮೊದಲೇ ತೋರಿಸಿಕೊಳ್ಳಿ.

ಯಾವ ರಸ್ತೆ, ಯಾವ ಹೊತ್ತು

ಬೇರೆ ಊರುಗಳಲ್ಲಿ ಓಟಗಾರರಿಗೆ ಕೊಡುವ ಮೊದಲ ಸಲಹೆ ನಸುಕಿನಲ್ಲೇ ಏಳಿ ಎಂಬುದು. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಆ ಸಲಹೆ ಅಪಾಯಕಾರಿ. ಇಲ್ಲಿ ಮುಸ್ಸಂಜೆಯಿಂದ ಮುಂಜಾವದವರೆಗಿನ ಹೊತ್ತು ಆನೆಯದು, ಚಿರತೆಯದು, ಹಂದಿಯದು. ರಾತ್ರಿ ಫಸಲು ತಿಂದ ಆನೆಗಳು ಬೆಳಕು ಹರಿಯುವಾಗ ಕಾಡಿಗೆ ಮರಳುತ್ತಿರುತ್ತವೆ. 2019ರ ಅಕ್ಟೋಬರಿನಲ್ಲಿ ಚೌಡಹಳ್ಳಿ ಸುತ್ತಮುತ್ತ ರೈತರನ್ನು ಕೊಂದಿದ್ದ ಹುಲಿಯನ್ನು ಅರಣ್ಯ ಇಲಾಖೆ ಸೆರೆಹಿಡಿಯಿತು. ಆ ಊರುಗಳವರಿಗೆ ಅದು ಸುದ್ದಿಯಲ್ಲ, ಸಾವು ನೋವು. ಆದ್ದರಿಂದ ಬಿಸಿಲು ನೆಲಕ್ಕೆ ಬಿದ್ದ ಮೇಲೆ, ಹೊಲಗಳಲ್ಲಿ ಜನ ಕಾಣಿಸಿಕೊಂಡ ಮೇಲೆ, ಅಂದರೆ ಏಳು ಗಂಟೆಯ ಹೊತ್ತಿಗೆ ಹೊರಡಿ. ಸಂಜೆಯಾದರೆ ನಾಲ್ಕೂವರೆಗೆ ಹೊರಟು ಹೊತ್ತು ಮುಳುಗುವ ಮೊದಲೇ ಮನೆ ಸೇರಿ. ಆನೆ ಕಂದಕ, ರೈಲ್ವೆ ಕಂಬಿಯ ಬೇಲಿ, ಸೋಲಾರ್ ಬೇಲಿ ಕಂಡರೆ ಅದೇ ನಿಮ್ಮ ಗಡಿ. ಅಲ್ಲಿಂದ ಹಿಂತಿರುಗಿ. ಸೋಲಾರ್ ತಂತಿ ಮುಟ್ಟಬೇಡಿ.

ಎಲ್ಲಕ್ಕಿಂತ ಮೇಲಾದ ಮುನ್ಸೂಚನೆ ಆ ಊರಿನವರ ಮಾತು. "ಆ ಕಡ ಹೋಗ್ಬ್ಯಾಡಿ ಸಾ, ರಾತ್ರ ಆನ ಬಂದಿತ್ತು" ಎಂದು ಒಬ್ಬರು ಹೇಳಿದರೆ ವಾದ ಮಾಡದೆ ದಾರಿ ಬದಲಿಸಿ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕಾವಲು ಕೂತವರಿಗೆ ಗೊತ್ತಿರುವಷ್ಟು ಯಾವ ಮೊಬೈಲಿಗೂ ಗೊತ್ತಿಲ್ಲ.

ಹೆದ್ದಾರಿಗಳನ್ನು ಬಿಟ್ಟುಬಿಡಿ. ಗುಂಡ್ಲುಪೇಟೆಯಲ್ಲಿ ಎರಡು ದಾರಿ ಕವಲೊಡೆಯುತ್ತವೆ, ಒಂದು ವಯನಾಡಿಗೆ ಹೋಗುವ 766, ಇನ್ನೊಂದು ಊಟಿಗೆ ಹೋಗುವ 181. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮದ್ದೂರು, ಮೇಲುಕಾಮನಹಳ್ಳಿ ಗೇಟುಗಳು ತೆರೆದ ಮೇಲೆ ಕಾದು ನಿಂತಿದ್ದ ಲಾರಿಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಓಟಗಾರರಿಗೆ ಆ ರಸ್ತೆಯ ಅಂಚಿನಲ್ಲಿ ಜಾಗವಿಲ್ಲ. ಹಳ್ಳಿ ರಸ್ತೆಯಲ್ಲಿ ಓಡುವಾಗಲೂ ಬಲಬದಿಯಲ್ಲಿ, ಎದುರು ಬರುವ ವಾಹನ ಕಣ್ಣಿಗೆ ಬೀಳುವಂತೆ ಓಡಿ. ಕಿವಿಗೆ ಹಾಡು ತುರುಕಿಕೊಳ್ಳಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಬೆನ್ನು ಹಾಕದೆ, ನಿಧಾನವಾಗಿ ನಡೆದು ದಾಟಿ. ಅದು ಕಾಯುವುದು ತನ್ನ ಮನೆಯ ಮುಂದಿನ ಜಾಗವನ್ನು, ಆ ಜಾಗ ದಾಟಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ಹೆಣ್ಣುಮಕ್ಕಳು ಓಡಲು ಹೊರಟರೆ ಮೊದಲ ದಿನಗಳಲ್ಲಿ ಊರು ತಿರುಗಿ ನೋಡುತ್ತದೆ. ಇದನ್ನು ಮುಚ್ಚಿಟ್ಟು ಲೇಖನ ಬರೆಯುವುದು ಸರಿಯಲ್ಲ. ಇಬ್ಬರು ಮೂವರು ಸೇರಿ ಶಾಲೆಯ ಮೈದಾನದಲ್ಲಿ ಶುರುಮಾಡುವುದು ಒಳ್ಳೆಯದು. ಕೆಲವು ವಾರ ಒಂದೇ ಹೊತ್ತಿಗೆ ಕಂಡರೆ ನೋಡುವವರಿಗೂ ಅಭ್ಯಾಸವಾಗುತ್ತದೆ. ಚಾಮರಾಜನಗರದವರಿಗೆ ಜಿಲ್ಲಾ ಕ್ರೀಡಾಂಗಣವಿದೆ, ಅಲ್ಲಿಯೇ ಮೊದಲ ತಿಂಗಳು ಕಳೆಯಬಹುದು. ಸಮತಟ್ಟು ನೆಲ, ಒಂದು ಸುತ್ತಿಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳಲೂ ಸುಲಭ.

ಏರು ಹತ್ತುವ ಅಭ್ಯಾಸ ಬೇಕೆನಿಸಿದವರು ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ನೋಡಿ. ಆ ಮೆಟ್ಟಿಲುಗಳನ್ನು ಕಟ್ಟಿಸಿದವರು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರು. ಅವರ ಕಾಲದಲ್ಲೇ ಚಿಕ್ಕದೇವರಾಜರನ್ನು ನಮ್ಮ ಹಂಗಳದಲ್ಲಿ ಇರಿಸಲಾಗಿತ್ತು. ಅದೇ ಚಿಕ್ಕದೇವರಾಜರು 1673ರಲ್ಲಿ ಮೈಸೂರಿನ ದೊರೆಯಾದರು. ನೀವು ಓಡುವ ರಸ್ತೆ ಬದಿಯ ಊರಿಗೆ ಇಂಥ ಕಥೆಯಿದೆ ಎಂದು ಗೊತ್ತಿದ್ದರೆ ಬರೆಯುವಾಗ ಕೈ ತಾನಾಗಿ ನಿಲ್ಲುತ್ತದೆ, ಕೇಳುವ ಆಸೆ ಹುಟ್ಟುತ್ತದೆ. ಮೆಟ್ಟಿಲು ಹತ್ತುವಾಗ ಹೆಜ್ಜೆ ಚಿಕ್ಕದಿರಲಿ. ಇಳಿಯುವಾಗ ಇನ್ನೂ ಎಚ್ಚರ ಬೇಕು. ಮರುದಿನದ ತೊಡೆ ನೋವು ಹೆಚ್ಚಾಗಿ ಇಳಿದದ್ದರಿಂದ ಬರುತ್ತದೆ.

ನೋಟ್‌ಬುಕ್ಕಿನ ಪುಟ

ಓಡಿ ಬಂದು, ನೀರು ಕುಡಿದು, ಮೈ ಆರಿದ ಮೇಲೆ ಕೂತು ಬರೆಯಿರಿ. ಸಂಜೆಗೆ ಮುಂದೂಡಿದರೆ ಅರ್ಧ ಹೋಗಿರುತ್ತದೆ, ನಾಳೆಗೆ ಎಂದರೆ "ಚೆನ್ನಾಗಿತ್ತು" ಎಂಬುದೊಂದೇ ಉಳಿಯುತ್ತದೆ. ಹತ್ತು ನಿಮಿಷ ಸಾಕು. ಒಂದು ಪುಟ ಹೀಗಿರಬಹುದು:

"ಶನಿವಾರ. 7ರಿಂದ 7.30. ಊರಿನಿಂದ ಕೆರೆ ಏರಿ ದಾಟಿ ಪಂಪ್‌ಸೆಟ್ ಮನೆಯವರೆಗೆ, ವಾಪಸ್ಸು. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಏರಿಯ ಮೇಲೆ ಎದುರುಗಾಳಿ, ಉಸಿರು ಸಾಲಲಿಲ್ಲ. ಬರುವಾಗ ಸಲೀಸು. ಬಲ ಮೀನಖಂಡ ಬಿಗಿ. ಬೆಟ್ಟದ ಬುಡ ಮಾತ್ರ ಕಾಣುತ್ತಿತ್ತು, ಮೇಲೆ ಮೋಡ. ಹೊಲದಲ್ಲಿ ಸಣ್ಣ ಈರುಳ್ಳಿ ಕೀಳುತ್ತಿದ್ದರು. ಕಿತ್ತದ್ದನ್ನು ಅಲ್ಲೇ ಏಕೆ ಹರಡುತ್ತಾರೆ? ಮುಂದಿನ ಸಲ ಏರಿಯ ಮೇಲೆ ನಡೆದು ಹೋಗುವುದು."

ಇದರಲ್ಲಿ ಸಾಹಿತ್ಯವೇನೂ ಇಲ್ಲ. ಆದರೆ ಕಲಿಯಲು ಬೇಕಾದದ್ದೆಲ್ಲ ಇದೆ: ಏನು ಮಾಡಿದೆ, ಮೈಗೆ ಏನಾಯಿತು, ಏನು ಕಂಡೆ, ಏನು ತಿಳಿಯಲಿಲ್ಲ, ಮುಂದೆ ಏನು ಬದಲಿಸುತ್ತೇನೆ. ಕೊನೆಯ ಸಾಲನ್ನು ಎಂದೂ ಬಿಡಬೇಡಿ. ಮುಂದಿನ ಓಟದ ಮೊದಲು ಅದನ್ನೊಮ್ಮೆ ಓದಿಕೊಂಡು ಹೊರಡಿ. ಆಗ ಪ್ರತಿ ಓಟವೂ ಒಂದು ಸಣ್ಣ ಪ್ರಯೋಗವಾಗುತ್ತದೆ.

ಒಂದು ತಿಂಗಳಾದ ಮೇಲೆ ಪುಟಗಳನ್ನು ಒಟ್ಟಿಗೆ ಓದಿ. ಬಿಡಿ ಪುಟದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಮೀನಖಂಡದ ಬಿಗಿತ ಡಾಂಬರು ರಸ್ತೆಯ ದಿನಗಳಲ್ಲೇ ಬಂದಿದೆಯೇ, ಮಣ್ಣಿನ ಜಾಡಿನಲ್ಲಿ ಇಲ್ಲವೇ? ರಾತ್ರಿ ತಡವಾಗಿ ಉಂಡ ಮರುದಿನ ಹೊಟ್ಟೆ ಹಿಡಿದಿದೆಯೇ? ಎದುರುಗಾಳಿ ಯಾವಾಗಲೂ ಬೆಟ್ಟದ ಕಡೆಗೆ ಹೋಗುವಾಗಲೇ ಇದೆಯೇ? ಮುಂಗಾರಿನ ತಿಂಗಳುಗಳಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ, ಗುಂಡ್ಲುಪೇಟೆಗೆ ಬೆಟ್ಟವೂ ಆ ದಿಕ್ಕಿಗೇ ಇದೆ. ಇದು ತಿಳಿದ ಮೇಲೆ ಹೋಗುವಾಗ ಗಾಳಿಗೆ ಎದುರಾಗಿ ನಿಧಾನ ಹೋಗಿ, ದಣಿದು ಬರುವಾಗ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳುವ ದಾರಿಯನ್ನು ನೀವೇ ಆರಿಸಿಕೊಳ್ಳುತ್ತೀರಿ. ಯಾವ ತರಬೇತುದಾರರೂ ನಿಮ್ಮ ಊರಿನ ಗಾಳಿಯನ್ನು ನಿಮಗೆ ಹೇಳಿಕೊಡಲಾರರು.

ಈಗ ಬರವಣಿಗೆಯ ಮಾತು. ಹೊಸಬರ ಕೈಯಲ್ಲಿ ಮೊದಲು ಬರುವ ವಾಕ್ಯ "ಪ್ರಕೃತಿಯ ಮಡಿಲಲ್ಲಿ ಓಡಿದ ಅನುಭವ ವರ್ಣಿಸಲು ಪದಗಳಿಲ್ಲ" ಎಂಬಂಥದ್ದು. ಪದಗಳಿವೆ, ನೋಡಿದ್ದು ಸಾಲದು ಅಷ್ಟೆ. ಮುಂಗಾರು ಹಿಡಿದ ಮೇಲೆ ಈ ತಾಲ್ಲೂಕಿನ ಸೂರ್ಯಕಾಂತಿ ಹೊಲಗಳನ್ನು ನೋಡಲು ಕೇರಳದಿಂದ ಜನ ಬರುತ್ತಾರೆ. ಅದರ ಬಗ್ಗೆ "ಹಳದಿ ಹೂಗಳ ರಾಶಿ" ಎಂದು ಯಾರು ಬೇಕಾದರೂ ಬರೆಯಬಹುದು. ದಿನಾ ಓಡುವವರಿಗೆ ಬೇರೆಯದೊಂದು ಕಾಣುತ್ತದೆ. ಪಡುವಣಕ್ಕೆ ಓಡುವಾಗ ಬಲಿತ ಹೂಗಳೆಲ್ಲ ನಿಮ್ಮ ಮುಖ ನೋಡುತ್ತವೆ, ತಿರುಗಿ ಬರುವಾಗ ಎಲ್ಲವೂ ಬೆನ್ನು ತೋರಿಸುತ್ತವೆ. ಸಂಜೆ ಬಂದು ನೋಡಿದರೂ ಹಾಗೆಯೇ. ಸೂರ್ಯನೊಡನೆ ತಿರುಗುವುದು ಎಳೆಯ ಮೊಗ್ಗು ಮಾತ್ರ. ಅರಳಿ ಬಲಿತ ಹೂವು ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಇದನ್ನು ಕಂಡು, ಸಂಶಯಪಟ್ಟು, ಮತ್ತೆ ನೋಡಿ ಖಾತ್ರಿ ಮಾಡಿಕೊಂಡು ಬರೆದ ನಾಲ್ಕು ಸಾಲು ಓದುಗರನ್ನು ಹಿಡಿದು ನಿಲ್ಲಿಸುತ್ತದೆ.

ಆದ್ದರಿಂದ ಕಂಡದ್ದಕ್ಕೆ ಹೆಸರು ಕೊಡಿ. "ಬೆಳೆ" ಎಂದು ಬರೆಯಬೇಡಿ, ಅರಿಶಿನವೋ ಹುರುಳಿಯೋ ಬೆಳ್ಳುಳ್ಳಿಯೋ ಕೇಳಿ ತಿಳಿದು ಬರೆಯಿರಿ. "ಹಕ್ಕಿ" ಎಂದು ಬರೆದ ಜಾಗದಲ್ಲಿ ಅದರ ಬಾಲ, ಕೂಗು, ಕೂತ ಜಾಗ ಬರೆದಿಡಿ, ಹೆಸರು ಆಮೇಲೆ ಸಿಗುತ್ತದೆ. ಪ್ರತಿ ಪುಟದಲ್ಲೂ ಒಂದು ಪ್ರಶ್ನೆ ಇರಲಿ, ಆ ಪ್ರಶ್ನೆಯನ್ನು ಗೊತ್ತಿದ್ದವರ ಬಳಿಗೆ ಒಯ್ಯಿರಿ. ಚೆಂಡು ಹೂವಿನ ಹೊಲದ ಬದುವಿನಲ್ಲಿ ನಿಂತು ಕೇಳಿದರೆ ಆ ಹೂವು ಪೂಜೆಗೆ ಮಾತ್ರ ಹೋಗುವುದಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೂ ಹೋಗುತ್ತದೆ ಎಂಬುದು ತಿಳಿಯುತ್ತದೆ. ಬೆಲೆ, ತೂಕ, ಮಳೆ ಬಂದರೆ ಆಗುವ ನಷ್ಟ ಎಲ್ಲವೂ ಆ ಮಾತಿನ ಹಿಂದೆ ಬರುತ್ತವೆ. ಕೇಳುವಾಗ ರೈತರ ಕೆಲಸ ಕೆಡಿಸಬೇಡಿ. ಹೂವಿನ ಹೊಲದೊಳಗೆ ಫೋಟೊ ತೆಗೆಯಲು ಕೆಲವರು ಹಣ ಕೇಳುತ್ತಾರೆ. ತುಳಿದು ಹಾಳಾಗುವುದು ಅವರ ಫಸಲು, ಕೇಳುವುದು ನ್ಯಾಯ. ಒಬ್ಬರ ಹೆಸರು, ಚಿತ್ರ ಬಳಸುವ ಮುನ್ನ ಒಪ್ಪಿಗೆ ಪಡೆಯಿರಿ. ಆನೆ, ಹುಲಿ ಕಂಡರೆ ಅರಣ್ಯ ಸಿಬ್ಬಂದಿಗೆ ತಿಳಿಸಿ, ಜಾಗದ ಗುರುತನ್ನು ಊರಿಗೆಲ್ಲ ಹಂಚಬೇಡಿ. ಗುಂಪು ಕೂಡಿದರೆ ಪ್ರಾಣಿಗೂ ಜನಕ್ಕೂ ಕೇಡು.

ನೋಟ್‌ಬುಕ್ಕು ನಿಮಗಾಗಿ. ಆದರೆ ತಿಂಗಳಿಗೊಂದು ಸಲ ಅದರಿಂದ ಒಂದು ಬರಹವನ್ನು ಇನ್ನೊಬ್ಬರಿಗಾಗಿ ಬೆಳೆಸಿ. ಒಂದೇ ವಿಷಯ, ಒಂದೂವರೆ ಪುಟ. ಬೇರೆಯವರು ಓದುತ್ತಾರೆ ಎಂದಾಗ ಅಂದಾಜಿನ ಮಾತು ನಿಲ್ಲುತ್ತದೆ, ಗೊತ್ತಿಲ್ಲದ್ದನ್ನು ಹೋಗಿ ತಿಳಿದುಕೊಳ್ಳುತ್ತೀರಿ. ಬರೆದದ್ದನ್ನು ಜೋರಾಗಿ ಓದಿ. ನಾಲಿಗೆ ತಡವರಿಸಿದ ವಾಕ್ಯವನ್ನು ಎರಡಾಗಿ ಒಡೆಯಿರಿ. ನೀವು ಮನೆಯಲ್ಲಿ ಆಡದ ಪದವನ್ನು ತೆಗೆಯಿರಿ. ಶಿಕ್ಷಕರಾಗಿದ್ದರೆ ಇದನ್ನು ಮಕ್ಕಳಿಂದ ಮಾಡಿಸಿ. ಆಟದ ಪಿರಿಯಡ್ಡಿನಲ್ಲಿ ಮೈದಾನದ ಸುತ್ತು, ಕನ್ನಡ ಪಿರಿಯಡ್ಡಿನಲ್ಲಿ ಅದರ ಆರು ಸಾಲು, ವಾರದ ಕೊನೆಗೆ ಗೋಡೆ ಪತ್ರಿಕೆಯಲ್ಲಿ. ಪ್ರಬಂಧಕ್ಕೆ ಗೈಡು ನೋಡಿ ಬರೆಯುವ ಮಕ್ಕಳು ತಮ್ಮ ಉಸಿರಿನ ಬಗ್ಗೆ ಗೈಡು ನೋಡಿ ಬರೆಯಲಾರರು.

ಬೆಟ್ಟಕ್ಕೆ ಹೋಗುವ ದಿನ

ಬಿಡುವಿನ ದಿನವೊಂದನ್ನು ಬೆಟ್ಟಕ್ಕೆ ಇಟ್ಟುಕೊಳ್ಳಿ. ಗುಂಡ್ಲುಪೇಟೆಯಿಂದ ಸುಮಾರು 20 ಕಿಲೋಮೀಟರ್. ಹಂಗಳದ ಬಳಿ ಊಟಿ ರಸ್ತೆ ಬಿಟ್ಟು ಬಲಕ್ಕೆ ತಿರುಗಬೇಕು. ಬುಡದಲ್ಲಿ ಬಸ್ಸಿನ ಸಮಯ ವಿಚಾರಿಸಿ, ಸಂಜೆ ಬೇಗ ಇಳಿದುಬರಬೇಕಾಗುತ್ತದೆ. ಹೊಯ್ಸಳರ ಕಾಲದ, 1315ರ ಸುಮಾರಿನದೆಂದು ಹೇಳುವ ವೇಣುಗೋಪಾಲನ ಗುಡಿ, ಮಂಜು, ಗಾಳಿ ಎಲ್ಲವನ್ನೂ ನೋಡಿ ಮುಗಿದ ಮೇಲೆ ಕೆಳಗಿನ ಬಯಲನ್ನು ನೋಡಿ. ಹೊಲದ ತುಂಡುಗಳ ನಡುವೆ ನೀವು ಓಡಿದ ಗೆರೆ, ಕೆರೆ, ಕಾಡು ಶುರುವಾಗುವ ಅಂಚು ಮೋಡ ಬಿಟ್ಟರೆ ಕಾಣುತ್ತವೆ. ನೋಟ್‌ಬುಕ್ಕಿನಲ್ಲಿ ಒಂದು ನಕ್ಷೆ ಬರೆದುಕೊಳ್ಳಿ. ಬೇಸಗೆಯಲ್ಲಿ ಹೋದರೆ ಬೆಂಕಿಯ ವಿಷಯದಲ್ಲಿ ತುಂಬ ಎಚ್ಚರವಿರಲಿ. 2019ರ ಫೆಬ್ರುವರಿಯಲ್ಲಿ ಹೊತ್ತಿದ ಕಾಳ್ಗಿಚ್ಚು ಇದೇ ಗೋಪಾಲಸ್ವಾಮಿ ಬೆಟ್ಟ ವಲಯದ ಗುಡ್ಡಗಳನ್ನು ಕಪ್ಪಾಗಿಸಿತ್ತು. ಪ್ಲಾಸ್ಟಿಕ್ ಒಯ್ಯಬೇಡಿ.

ಇಪ್ಪತ್ತು ನಿಮಿಷದ ಓಟ ಕೈಗೂಡಿ ಇನ್ನೂ ಮುಂದೆ ಹೋಗಬೇಕೆನಿಸಿದವರಿಗೆ ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದ ಬಳಿ ಕಾಲುವೆಯ ದಂಡೆಯ ಮಣ್ಣಿನ ಹಾದಿಯಲ್ಲಿ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ನಮ್ಮ ಸೀಮೆಯದೇ. ಬೆಂಗಳೂರಿನಲ್ಲಿ 2008ರಿಂದ 10 ಕಿಲೋಮೀಟರ್ ಓಟವೊಂದು ನಡೆಯುತ್ತ ಬಂದಿದೆ. ಹೆಸರು ಕೊಡುವುದು ಆರು ತಿಂಗಳ ಪುಟಗಳು ತುಂಬಿದ ಮೇಲೆ ಸಾಕು.

ಓಟದ ಬಗ್ಗೆ ಕನ್ನಡದಲ್ಲಿ ಸಿಗುವ ಬರಹ ಹೆಚ್ಚಾಗಿ ದೊಡ್ಡ ನಗರದವರದು, ಪಾರ್ಕು ಮತ್ತು ಫ್ಲೈಓವರುಗಳದು. ಕಾಡಂಚಿನಲ್ಲಿ ಬದುಕುವವರು ಯಾವ ತಿಂಗಳು ಯಾವ ರಸ್ತೆಯಲ್ಲಿ ಎಷ್ಟು ಹೊತ್ತಿಗೆ ಓಡಬಹುದು, ರಾಗಿ ಅಂಬಲಿ ಕುಡಿದು ಎಷ್ಟು ಹೊತ್ತಿನ ಮೇಲೆ ಹೊರಟರೆ ಹಗುರ, ಆಷಾಢದ ಗಾಳಿಯನ್ನು ಹೇಗೆ ದಾಟುವುದು ಎಂಬುದನ್ನು ಹೇಳಬಲ್ಲವರು ಅಲ್ಲಿ ಓಡಿದವರು ಮಾತ್ರ. ಗುಂಡ್ಲುಪೇಟೆ, ಚಾಮರಾಜನಗರದ ಓದುಗರೇ, ದಯವಿಟ್ಟು ಅದನ್ನು ಬರೆಯಿರಿ. ನಿಮ್ಮ ನಂತರ ಶುರುಮಾಡುವ ಒಬ್ಬರಿಗೆ ಅದು ಬೇಕಾಗುತ್ತದೆ.